ಹೀರೆ ಬಳ್ಳಿಗೆ ಬೂದಿ ಬಳಿದವರು ಯಾರು?

ಈ ಅಂಕಣಕ್ಕೆ ಬರುವ ದೂರುಗಳು ಸಾಮಾನ್ಯವಾಗಿ ಮೂರೇ ತರಹ. ನಲ್ಲಿಯಲ್ಲಿ ನೀರು ಬರಲಿಲ್ಲ, ಚರಂಡಿಯಲ್ಲಿ ನೀರು ಹೋಗಲಿಲ್ಲ, ಬೀದಿ ದೀಪ ಹತ್ತಲಿಲ್ಲ. ಈ ಮೂರಕ್ಕೂ ಉತ್ತರ ಹೇಳಬೇಕಾದ ಪುರಪಿತೃಗಳಿದ್ದಾರೆ. ಹೇಳುತ್ತಾರೋ ಬಿಡುತ್ತಾರೋ, ಅದು ಬೇರೆ ಮಾತು. ಈ ಸಲದ ದೂರಿಗೆ ಮಾತ್ರ ಯಾವ ಕಚೇರಿಯ ಬಾಗಿಲು ಬಡಿದರೂ ಪ್ರಯೋಜನವಿಲ್ಲ. ದೂರು ನಮ್ಮ ಹಿತ್ತಲಿನದು. ಆರೋಪಿಗೆ ಕೈಯಿಲ್ಲ, ಕಾಲಿಲ್ಲ, ಬರಿಗಣ್ಣಿಗೆ ಬಿಡಿಯಾಗಿ ಕಾಣುವುದೂ ಇಲ್ಲ. ಆದರೂ ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಹೊಸಪೇಟೆಯ ಹಿತ್ತಲುಗಳಿಗೆ ರಾತ್ರೋರಾತ್ರಿ ನುಗ್ಗಿ, ಹೀರೆ, ಕುಂಬಳ, ಸೌತೆ ಬಳ್ಳಿಗಳಿಗೆಲ್ಲ ಬೂದಿ ಬಳಿದು ಹೋಗುತ್ತದೆ.

ನಮ್ಮ ಮನೆಯ ಹಿಂದೆ ಇರುವುದು ಹತ್ತು ಅಡಿ ಅಗಲದ ಜಾಗ. 2021ರಲ್ಲಿ ವಿಜಯನಗರ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾದ ಮೇಲೆ ಈ ಊರಿನಲ್ಲಿ ಹತ್ತಡಿ ಹಿತ್ತಲು ಉಳಿಸಿಕೊಂಡವನು ಒಂದು ತರಹದ ಜಮೀನ್ದಾರನೇ ಸರಿ. ಅದರಲ್ಲಿ ಒಂದು ಹೀರೆ ಚಪ್ಪರ, ಒಂದು ಕುಂಬಳ, ನಾಲ್ಕು ಬೆಂಡೆ, ಎರಡು ಬದನೆ, ಗೋಡೆಯ ಪಕ್ಕ ಮೆಣಸಿನಗಿಡ. ಮನೆ ಮಂದಿಯ ಪಲ್ಯಕ್ಕೆ ಸಾಕು, ಮಿಕ್ಕಿದ್ದು ಪಕ್ಕದ ಮನೆಗೆ.

ಪಕ್ಕದ ಮನೆಯ ತಾಯಿಯೇ ಮೊದಲು ನೋಡಿದ್ದು. ಕಾಂಪೌಂಡಿನ ಮೇಲಿಂದ ಇಣುಕಿ ಕೇಳಿದರು: "ಏನ್ ಸಾರ್, ನಿಮ್ಮ ಬಳ್ಳಿಗೆ ಯಾರೋ ಸುಣ್ಣ ಹೊಡದಂಗೈತಲ್ಲ?"

ಹೌದು. ಎಲೆಯ ಮೇಲೆ ಮೈದಾ ಹಿಟ್ಟು ಉದುರಿಸಿದಂತೆ ದುಂಡನೆಯ ಬಿಳಿ ಮಚ್ಚೆಗಳು. ಬೆರಳಿನಿಂದ ಒರೆಸಿದರೆ ಹೋಯಿತು. ಮೂರನೆಯ ದಿನ ಮತ್ತೆ ಬಂತು. ಎಂಟು ದಿನಕ್ಕೆ ಕೆಳಗಿನ ಎಲೆಗಳೆಲ್ಲ ಬೂದಿ ಬಳಿದುಕೊಂಡು ತಪಸ್ಸಿಗೆ ಕುಳಿತ ಸನ್ಯಾಸಿಗಳಂತೆ ಕಂಡವು.

ನಾನು ಮಾಡಿದ ತಪ್ಪು

ಇನ್ನು ಮುಂದಿನದು ನನ್ನದೇ ತಪ್ಪೊಪ್ಪಿಗೆ. ಊರಿಗೆಲ್ಲ ಬುದ್ಧಿ ಹೇಳುವ ಅಂಕಣಕಾರ ಮಹಾಶಯ ಒಂದು ಎಲೆ ಕಿತ್ತು ಜೇಬಿಗಿಟ್ಟುಕೊಂಡು ಒಂದು ಔಷಧಿ ಅಂಗಡಿಗೆ ಹೋದ. ಅಂಗಡಿ ತಲುಪುವ ಹೊತ್ತಿಗೆ ಎಲೆ ಮುದುಡಿ, ಬೂದಿಯೆಲ್ಲ ಜೇಬಿಗೆ ಅಂಟಿತ್ತು. ಅಂಗಡಿಯಲ್ಲಿದ್ದವರು ಎಲೆ ನೋಡಲಿಲ್ಲ. "ಬೂಷ್ಟು ಅಲ್ವಾ ಸಾರ್? ಎಲ್ಲಾ ಬೂಷ್ಟಿಗೂ ಇದೇ. ಹೊಡೀರಿ, ಆರಾಮ ಆಗ್ತದ" ಎಂದು ಒಂದು ಪೊಟ್ಟಣ ಕೊಟ್ಟರು. ದುಡ್ಡು ಕೊಟ್ಟೆ, ತಂದೆ, ಶನಿವಾರ ಸಂಜೆ ಹೊಡೆದೆ.

ಭಾನುವಾರ ಬೆಳಿಗ್ಗೆ ಎಳೆಯ ಹೀರೆಕಾಯಿ ಎಂಟು ಸಿಕ್ಕವು. ನಾಲ್ಕು ನಮಗೆ, ನಾಲ್ಕು ಪಕ್ಕದ ಮನೆಗೆ. ಆ ಮನೆಯಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿದ್ದಾಳೆ. ಹೀರೆಕಾಯಿ ಎಂದರೆ ಆಸೆ ಎಂದಿದ್ದಳಂತೆ.

ಹತ್ತು ಗಂಟೆಗೆ ಕಸ ಗುಡಿಸುವಾಗ ಖಾಲಿ ಪೊಟ್ಟಣದ ಜೊತೆ ಮಡಚಿದ ಚೀಟಿ ಸಿಕ್ಕಿತು. ಇರುವೆ ಕಾಲಿನಷ್ಟು ಸಣ್ಣ ಅಕ್ಷರ. ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ಓದಿದೆ. ಸಿಂಪಡಿಸಿದ ಮೇಲೆ ಇಷ್ಟು ದಿನ ಕಾಯಿ ಕೀಳಬಾರದು ಎಂದು ಬರೆದಿತ್ತು. ನಾನು ಕಾದದ್ದು ಒಂದೇ ರಾತ್ರಿ.

ಚಪ್ಪಲಿ ಮೆಟ್ಟದೆ ಓಡಿದೆ. ನಮ್ಮ ಸೀಮೆಯಲ್ಲಿ ಹೀರೆಕಾಯಿ ತಿರುಳು ಪಲ್ಯಕ್ಕೆ, ಸಿಪ್ಪೆ ಚಟ್ನಿಗೆ. ಔಷಧಿ ಕೂತಿರುವುದೇ ಸಿಪ್ಪೆಯ ಮೇಲೆ! ನಾನು ಹೋದಾಗ ಹೆರೆದ ಸಿಪ್ಪೆ ಬಾಣಲೆಯ ಪಕ್ಕ ತಟ್ಟೆಯಲ್ಲಿತ್ತು, ಎಣ್ಣೆ ಕಾಯುತ್ತಿತ್ತು. ವಿಷಯ ಹೇಳಿದೆ. ಆ ತಾಯಿ ಒಲೆ ಆರಿಸಿದರು, ಎಲ್ಲವನ್ನೂ ಗುಂಡಿಗೆ ಹಾಕಿ ಮಣ್ಣು ಮುಚ್ಚಿದರು. ಆಮೇಲೆ ನನ್ನ ಮುಖ ನೋಡಿ ಹೇಳಿದ್ದು ಒಂದೇ ಮಾತು: "ಪೇಪರ್‌ನಾಗ ದಿನಾ ಅಷ್ಟು ಬರೀತೀರಿ, ಒಂದು ಚೀಟಿ ಓದಾಕ ಬರ್ಲಿಲ್ಲೇನ್ರಿ?"

ಆ ಮಾತಿಗೆ ಉತ್ತರವಿರಲಿಲ್ಲ. ಈ ಬರಹವೇ ಉತ್ತರ. ಚೀಟಿಯ ಉಳಿದ ಭಾಗ ಓದಿದಾಗ ಇನ್ನೊಂದು ಸಂಗತಿಯೂ ತಿಳಿಯಿತು. ಆ ಔಷಧಿ ನಮ್ಮ ಬಳ್ಳಿಗೆ ಬಂದ ರೋಗದ್ದೇ ಅಲ್ಲ! ಅದು ಬೇರೆ ಬೂಷ್ಟಿನದು. ವಿಷವೂ ತಿನ್ನುವಂತಾಗಿತ್ತು, ರೋಗವೂ ಇದ್ದಲ್ಲೇ ಇತ್ತು.

ಎಲೆ ತಿರುವಿ ನೋಡಿ

ಕನ್ನಡದಲ್ಲಿ ನಾವು ಬೂಷ್ಟು, ಬೂಜು, ಬೂದಿ ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತೇವೆ. ಗಿಡದ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ಮನೆತನ. ಒಂದು ಬೂದಿ ರೋಗ, ಇನ್ನೊಂದು ಬೂಜು ತುಪ್ಪಟ ರೋಗ.

ಬೂದಿ ರೋಗ ಎಲೆಯ ಮೇಲ್ಮೈಯಲ್ಲಿ ಬಿಳಿ ಪುಡಿಯಾಗಿ ಕಾಣುತ್ತದೆ. ಮಚ್ಚೆ ದುಂಡಗೆ, ಒರೆಸಿದರೆ ಬೆರಳಿಗೆ ಹತ್ತುತ್ತದೆ. ಮೊದಲು ಹಳೆಯ ಎಲೆ, ನೆರಳಿನಲ್ಲಿರುವ ಎಲೆ, ಆಮೇಲೆ ತೊಟ್ಟು, ಕಾಂಡ. ಈ ಶಿಲೀಂಧ್ರ ಎಲೆಯ ಮೇಲೇ ಬದುಕುತ್ತದೆ. ಚರ್ಮದ ಕೋಶಗಳೊಳಗೆ ಸೂಜಿಯಂಥ ಬೇರಿಳಿಸಿ ರಸ ಹೀರುತ್ತದೆ. ಬಾಡಿಗೆ ಕೊಡದೆ ಜಗಲಿಯ ಮೇಲೆ ಮಲಗಿ, ಕಿಟಕಿಯಿಂದ ಕೈ ಹಾಕಿ ಅಡುಗೆಮನೆಯ ಅನ್ನ ಉಣ್ಣುವ ಆಸಾಮಿ.

ಬೂಜು ತುಪ್ಪಟ ರೋಗ ಹಾಗಲ್ಲ. ಅದು ಒಳಗೆ ನುಗ್ಗುತ್ತದೆ. ಎಲೆಯ ಮೇಲೆ ಹಳದಿ ಮಚ್ಚೆ. ಸೌತೆ, ಹೀರೆಯಲ್ಲಿ ಆ ಮಚ್ಚೆ ನರಗಳ ನಡುವೆ ಸಿಕ್ಕಿ ಚೌಕ ಚೌಕವಾಗಿ ಕಾಣುತ್ತದೆ. ಬೆಳಿಗ್ಗೆ ಇಬ್ಬನಿ ಇರುವಾಗ ಎಲೆ ತಿರುವಿದರೆ ಕೆಳಗಡೆ ಬೂದು ಅಥವಾ ನೇರಳೆ ಛಾಯೆಯ ತೆಳು ತುಪ್ಪಟ. ಒರೆಸಿದರೂ ಹಳದಿ ಹೋಗುವುದಿಲ್ಲ. ಕೆಲವೇ ದಿನದಲ್ಲಿ ಎಲೆ ಕಂದಾಗಿ ಮುದುಡುತ್ತದೆ.

ಹಾಗಾದರೆ ಲೆಕ್ಕ ಸುಲಭ: ಮೇಲೆ ಬಿಳಿ ಪುಡಿಯಾದರೆ ಬೂದಿ, ಮೇಲೆ ಹಳದಿ ಚೌಕ, ಕೆಳಗೆ ತುಪ್ಪಟವಾದರೆ ಬೂಜು. ಒಂದು ಎಚ್ಚರಿಕೆ. ಮೆಣಸಿನಗಿಡ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದಕ್ಕೆ ಬರುವ ಬೂದಿ ರೋಗದಲ್ಲಿ ಬಿಳುಪು ಎಲೆಯ ಕೆಳಗಡೆ ಇರುತ್ತದೆ, ಮೇಲ್ಗಡೆ ಹಳದಿ ಕಾಣುತ್ತದೆ, ಎಲೆ ಉದುರುತ್ತದೆ. ಕುಂಬಳದ ಕೆಲವು ತಳಿಗಳಲ್ಲಿ ನರದ ಗುಂಟ ಬೆಳ್ಳಗಿನ ಚಿತ್ತಾರ ಹುಟ್ಟಿನಿಂದಲೇ ಇರುತ್ತದೆ. ಅದು ರೋಗವಲ್ಲ. ಒರೆಸಿದರೆ ಹೋಗದಿದ್ದರೆ, ಎಲೆ ಗಟ್ಟಿಮುಟ್ಟಾಗಿದ್ದರೆ, ಸುಮ್ಮನಿರಿ.

ಒಣ ಸೀಮೆಗೆ ಬೂಷ್ಟು ಹೇಗೆ?

"ನಮ್ಮದು ಬಳ್ಳಾರಿ ಬಿಸಿಲು ಸ್ವಾಮಿ, ಕಲ್ಲು ಕಾಯುತ್ತದೆ. ಇಲ್ಲಿ ಬೂಷ್ಟು ಎಲ್ಲಿಂದ?" ಎಂದು ಸ್ನೇಹಿತರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಮಳೆಗಾಲದ ಚಪ್ಪಲಿ, ಉಪ್ಪಿನಕಾಯಿ ಭರಣಿ, ನೆನೆದ ಗೋಡೆ, ಇವುಗಳ ಬೂಷ್ಟು ನೋಡಿದವರಿಗೆ ತೇವವಿಲ್ಲದೆ ಬೂಷ್ಟಿಲ್ಲ ಎಂದೇ ನಂಬಿಕೆ.

ಬೂದಿ ರೋಗ ಈ ನಂಬಿಕೆಗೆ ವಿರುದ್ಧ. ಅದಕ್ಕೆ ಎಲೆಯ ಮೇಲೆ ನೀರು ನಿಲ್ಲಬೇಕಾಗಿಲ್ಲ. ನಿಂತರೆ ಅದರ ಬೀಜಕಣಗಳಿಗೇ ತೊಂದರೆ. ಜೋರು ಮಳೆ ಬಂದರೆ ತೊಳೆದೇ ಹೋಗುತ್ತವೆ. ಅದಕ್ಕೆ ಬೇಕಾದದ್ದು ಒಣಗಿದ ಹಗಲು, ತಣ್ಣಗಿನ ಪಸೆಯ ರಾತ್ರಿ, ಗಾಳಿಯಾಡದ ಮೂಲೆ, ಸ್ವಲ್ಪ ನೆರಳು. 20ರಿಂದ 27 ಡಿಗ್ರಿ ಉಷ್ಣತೆ ಅದಕ್ಕೆ ಪ್ರಿಯ. ನವೆಂಬರಿನಿಂದ ಫೆಬ್ರವರಿಯವರೆಗೆ ನಮ್ಮಲ್ಲಿ ಇರುವುದು ಇದೇ ಹವೆ! ಅನುಕೂಲ ಸಿಕ್ಕರೆ ಒಂದು ಬೀಜಕಣ ಬಿದ್ದು, ಮೊಳೆತು, ಸಾವಿರಾರು ಹೊಸ ಕಣ ಹಾರಿಸಲು ಒಂದು ವಾರ ಸಾಕು. ಏಪ್ರಿಲ್ ಬಿಸಿಲು ಬಂದರೆ ಅದೂ ನಮ್ಮಂತೆಯೇ ಸುಸ್ತಾಗುತ್ತದೆ.

ಬೂಜು ತುಪ್ಪಟ ಇದರ ತದ್ವಿರುದ್ಧ. ಅದಕ್ಕೆ ಎಲೆ ಒದ್ದೆಯಿರಬೇಕು. ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನ ಜಿಟಿಜಿಟಿ, ರಾತ್ರಿಯಿಡೀ ಒಣಗದ ಎಲೆ, ಇದೇ ಅದರ ಸುಗ್ಗಿ. ಹೀಗಾಗಿ ತಿಂಗಳು ನೋಡಿದರೂ ಅರ್ಧ ರೋಗ ಗೊತ್ತಾಗುತ್ತದೆ. ಮಳೆಯಲ್ಲಿ ಬೂಜು, ಚಳಿಯಲ್ಲಿ ಬೂದಿ.

ನಾಲ್ಕೂರು, ನಾಲ್ಕು ಹವೆ

ಒಂದೇ ರೋಗವಾದರೂ ಊರೂರಿಗೆ ಅದರ ವರಸೆ ಬೇರೆ. ನಮ್ಮ ಓದುಗರು ಇರುವ ನಾಲ್ಕು ಕಡೆಯ ಸ್ಥಿತಿ ನೋಡೋಣ.

ಹೊಸಪೇಟೆಯ ಸಂಕಟ ಗೋಡೆಗಳದು. ಒಂದರ ಬೆನ್ನಿಗೆ ಒಂದು ಮನೆ ಎದ್ದು ಹಿತ್ತಲು ಬಾವಿಯಂತಾಗಿದೆ. ಮಧ್ಯಾಹ್ನ ಎರಡು ತಾಸು ಬಿಸಿಲು, ಆಮೇಲೆ ಪಕ್ಕದವರ ಮಹಡಿಯ ನೆರಳು. ಪಕ್ಕದಲ್ಲೇ 1953ರಿಂದ ನೀರು ನಿಂತ ತುಂಗಭದ್ರಾ ಜಲಾಶಯ, ಊರ ಆಸುಪಾಸಿನಲ್ಲಿ ಕಾಲುವೆಗಳು. ಮೇಲಾಗಿ ಕೆಲಸ ಮುಗಿಸಿ ಬಂದು ರಾತ್ರಿ ಎಂಟಕ್ಕೆ ಪೈಪು ಹಿಡಿದು ನೀರು ಬಿಡುವ ನಮ್ಮ ಅಭ್ಯಾಸ. ಗಾಳಿಯಿಲ್ಲದ ಬಾವಿಯಲ್ಲಿ ರಾತ್ರಿಯಿಡೀ ಪಸೆ. ಬೂದಿಗೆ ಇನ್ನೇನು ಬೇಕು?

ಹಂಪಿ, ಕಮಲಾಪುರದ ಕಡೆ ಸಂಕಟ ನೆರಳಿನದು. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಹರಿಯುವ ನೆಲ ಅದು. ತುರ್ತಾ ಕಾಲುವೆಯ ಗುಂಟ ಬಾಳೆ, ತೆಂಗು ದಟ್ಟವಾಗಿವೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಲ್ಲಿನ ಹಂಪಿಯನ್ನು ನೋಡಲು ಬರುವವರು ಈ ಹಸಿರು ಹಂಪಿಯನ್ನು ಬಸ್ಸಿನ ಕಿಟಕಿಯಿಂದ ನೋಡಿ ಹೋಗುತ್ತಾರೆ. ಅಲ್ಲಿ ಬಾಳೆಯ ಬುಡದಲ್ಲಿ ಸೌತೆ, ಕುಂಬಳ ಹಬ್ಬಿಸುವುದುಂಟು. ತಂಪೇನೋ ಹೌದು, ಆದರೆ ನೆರಳಿನ ಎಲೆ ಮೆತ್ತಗಿರುತ್ತದೆ, ಬೂದಿ ಬೇಗ ಹತ್ತುತ್ತದೆ. ಬಳ್ಳಿಯನ್ನು ತೋಟದ ಅಂಚಿಗೆ, ಮೂಡಣ ಬಿಸಿಲಿಗೆ ತಂದರೆ ಅರ್ಧ ಕೆಲಸವಾದಂತೆ.

ಕಂಪ್ಲಿಯದು ನೀರಿನ ಸಂಕಟ. ಹೊಳೆ ದಂಡೆ, ಸುತ್ತ ಭತ್ತದ ಗದ್ದೆ, ಕಬ್ಬು. ಮನೆಯ ಸುತ್ತ ಗದ್ದೆ ನಿಂತರೆ ಬೆಳಗಿನ ಇಬ್ಬನಿ ಒಂಬತ್ತಾದರೂ ಆರುವುದಿಲ್ಲ. ಅಲ್ಲಿ ಮಳೆಗಾಲದ ಬೂಜು ತುಪ್ಪಟ ಜೋರು. ಬಳ್ಳಿಯನ್ನು ನೆಲಕ್ಕೆ ಬಿಡದೆ ಚಪ್ಪರಕ್ಕೆ ಹತ್ತಿಸುವುದು ಕಂಪ್ಲಿಯವರಿಗೆ ಚಂದಕ್ಕಲ್ಲ, ಬೆಳೆ ಉಳಿಸಲಿಕ್ಕೆ.

ಸಂಡೂರಿನದೇ ಬೇರೆ ಕಥೆ. ಸುತ್ತ ಗುಡ್ಡ, ನಡುವೆ ಕಣಿವೆ. ಮಳೆ ನಿಂತ ಮೇಲೆ ಅಷ್ಟು ಚೆಂದದ ಊರು ಈ ಸೀಮೆಯಲ್ಲಿ ಇನ್ನೊಂದಿಲ್ಲ. ಗುಡ್ಡದ ಮರೆಯಿಂದ ಸೂರ್ಯ ತಡವಾಗಿ ಬರುವುದರಿಂದ ಎಲೆಯೂ ತಡವಾಗಿ ಒಣಗುತ್ತದೆ. ಅದರ ಮೇಲೆ ಅದಿರಿನ ಕೆಂಪು ದೂಳು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು, ಮುಂದೆ ಷರತ್ತು ಹಾಕಿ ಮತ್ತೆ ಬಿಟ್ಟಿತು. ಲಾರಿ ಓಡಾಡುವ ರಸ್ತೆಯ ಪಕ್ಕ ಮನೆಯಿದ್ದವರ ಹಿತ್ತಲಿನಲ್ಲಿ ಎಲೆಯ ಮೇಲೆ ಕೆಂಪು ಪದರ ಕೂತರೆ ಕೆಳಗಿನ ಬಿಳಿ ಮಚ್ಚೆ ಕಾಣುವುದೇ ಇಲ್ಲ. ಕಂಡಾಗ ಹೊತ್ತು ಮೀರಿರುತ್ತದೆ. ದೂಳು ಕೂತ ಎಲೆಯಲ್ಲಿ ನುಸಿ ಪೀಡೆಯೂ ಹೆಚ್ಚು. ಸಂಡೂರಿನ ಓದುಗರೊಬ್ಬರು ಹೇಳಿದ್ದು: "ನಾವು ಮೊದಲು ಎಲಿ ತೊಳೀತೀವ್ರಿ, ಆಮ್ಯಾಲೆ ರೋಗ ಯಾವುದಂತ ನೋಡ್ತೀವಿ." ಬುದ್ಧಿವಂತರ ಮಾತು.

ಅಂಗಡಿಗೆ ಹೋಗುವ ಮುಂಚೆ

ಈಗ ಪರಿಹಾರ. ದುಡ್ಡು ಖರ್ಚಿಲ್ಲದ್ದನ್ನು ಮೊದಲು ಹೇಳುತ್ತೇನೆ.

ಒಂದು, ಮೊದಲ ಮಚ್ಚೆ ಕಂಡ ದಿನವೇ ಆ ಎಲೆ ಕೀಳಿರಿ. ಕಿತ್ತದ್ದನ್ನು ಅಲ್ಲೇ ಬುಡಕ್ಕೆ ಒಗೆಯಬೇಡಿ. ಚೀಲಕ್ಕೆ ಹಾಕಿ ದೂರ ಹೂಳಿರಿ. ಹಾಗೆಂದು ಬಳ್ಳಿ ಬೋಳಿಸಬೇಡಿ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಲೆ ಕಿತ್ತರೆ ಕಾಯಿಗೆ ಬಿಸಿಲು ಬಡಿಯುತ್ತದೆ, ಬಳ್ಳಿಯೂ ಸೊರಗುತ್ತದೆ.

ಎರಡು, ನೀರು ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ. ರಾತ್ರಿ ಪೈಪು ಹಿಡಿಯುವುದು ಬಿಡಿ. ನಲ್ಲಿ ರಾತ್ರಿಯೇ ಬರುತ್ತದೆ ಎನ್ನುವವರು ಡ್ರಮ್ಮಿಗೆ ತುಂಬಿಸಿಟ್ಟು ಬೆಳಿಗ್ಗೆ ತಂಬಿಗೆಯಲ್ಲಿ ಹಾಕಿ.

ಮೂರು, ಒಣ ಹವೆಯ ಚಳಿಗಾಲದಲ್ಲಿ ಬೂದಿ ಕಂಡರೆ ಬೆಳಿಗ್ಗೆ ಏಳೆಂಟು ಗಂಟೆಗೆ ಬರೀ ನೀರಿನಿಂದ ಎಲೆಯ ಎರಡೂ ಬದಿ ತೊಳೆಯಿರಿ. ಹತ್ತು ಗಂಟೆಯೊಳಗೆ ಒಣಗಬೇಕು. ಮಳೆಗಾಲದಲ್ಲಿ, ಬೂಜು ಇರುವಾಗ ಇದನ್ನು ಮಾಡಲೇಬೇಡಿ. ಬೆಂಕಿಗೆ ತುಪ್ಪ ಸುರಿದಂತೆ.

ನಾಲ್ಕು, ಯೂರಿಯಾ ಕಡಿಮೆ ಮಾಡಿ. ಯೂರಿಯಾ ಹಾಕಿದ ಬಳ್ಳಿ ಹಸಿರಾಗಿ ಉಬ್ಬುತ್ತದೆ, ನೋಡಲು ಚಂದ. ಆ ಮೆತ್ತಗಿನ ಎಲೆಯೇ ಬೂದಿಗೆ ಹಬ್ಬದೂಟ.

ಐದು, ಬೀಜ ಊರುವಾಗಲೇ ಅಂತರ ಕೊಡಿ. ಒಂದು ಗುಣಿಯಲ್ಲಿ ಆರು ಬೀಜ ಹಾಕಿ ಆರನ್ನೂ ಬೆಳೆಸುವ ಆಸೆ ನಮ್ಮೆಲ್ಲರದು. ಎರಡು ಉಳಿಸಿ, ನಾಲ್ಕು ಕೀಳಿ. ಕುಂಬಳ, ಸೌತೆ, ಸೋರೆ ಒಂದೇ ಕುಲ. ಒಂದಕ್ಕೆ ಬಂದದ್ದು ಇನ್ನೊಂದಕ್ಕೆ ಹಾರುತ್ತದೆ. ಬಟಾಣಿಗೆ ಬರುವ ಬೂದಿ ಬೇರೆ, ಅದು ಸೌತೆಗೆ ಹತ್ತುವುದಿಲ್ಲ. ಬಟಾಣಿ ಹಾಕುವವರಿಗೆ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅಜಿತ್ ಎಂಬ ತಳಿ ಇದೆ. ಬೂದಿಯನ್ನು ತಡೆದುಕೊಳ್ಳುವ ಗುಣ ಅದರದು.

ಹಳ್ಳಿಗಳಲ್ಲಿ ಒಲೆ ಬೂದಿ ಎರಚುವ ಪದ್ಧತಿಯುಂಟು. ದುಂಬಿ, ಹೇನಿಗೆ ಅದು ಸರಿ. ಬೂದಿ ರೋಗದ ಮೇಲೆ ಒಲೆ ಬೂದಿ ಎರಚಿದರೆ ಯಾವುದು ರೋಗ, ಯಾವುದು ಮದ್ದು ಎಂದು ದೇವರಿಗೂ ತಿಳಿಯಲಿಕ್ಕಿಲ್ಲ.

ಕಾಫಿಗಿಲ್ಲದ ಹಾಲು ಬಳ್ಳಿಗೆ

ಇಷ್ಟಕ್ಕೂ ಬಗ್ಗದಿದ್ದರೆ ಅಡುಗೆಮನೆಗೆ ಹೋಗಿ. ಬ್ರೆಜಿಲ್ ದೇಶದ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಗಾಜಿನ ಮನೆಯಲ್ಲಿ ಬೆಳೆಸಿದ ಕುಂಬಳ ಜಾತಿಯ ಗಿಡಗಳಿಗೆ ಹಸುವಿನ ಹಾಲನ್ನು ನೀರಿಗೆ ಬೆರೆಸಿ ಸಿಂಪಡಿಸಿದಾಗ, ಹತ್ತರಲ್ಲಿ ಒಂದು ಪಾಲು ಅಥವಾ ಅದಕ್ಕಿಂತ ಹೆಚ್ಚು ಹಾಲಿದ್ದ ಕಡೆ ಬೂದಿ ರೋಗ ಔಷಧಿಯಷ್ಟೇ ಚೆನ್ನಾಗಿ ಹತೋಟಿಗೆ ಬಂತು. ಗಾಜಿನ ಮನೆಯ ಫಲ ನಮ್ಮ ಬಯಲ ಹಿತ್ತಲಿಗೆ ಅಕ್ಷರಶಃ ಹೊಂದುತ್ತದೆ ಎನ್ನಲಾಗದು. ಆದರೆ ನಷ್ಟವಂತೂ ಇಲ್ಲ.

ಅಳತೆ: ನೂರು ಮಿಲಿಲೀಟರ್ ಹಾಲು, ಒಂಬೈನೂರು ಮಿಲಿಲೀಟರ್ ನೀರು. ಬೆಳಗಿನ ಬಿಸಿಲಿಗೆ, ವಾರಕ್ಕೊಮ್ಮೆ, ಎಲೆಯ ಎರಡೂ ಬದಿಗೆ. ಬಿಸಿಲು ತಾಗಿದಾಗ ಹಾಲಿನ ಪ್ರೋಟೀನು ಶಿಲೀಂಧ್ರವನ್ನು ಕೊಲ್ಲುವ ವಸ್ತುವಾಗುತ್ತದೆ ಎಂಬುದು ಒಂದು ವಿವರಣೆ. ಹಾಗಾಗಿ ಸಂಜೆ ಹೊಡೆಯಬೇಡಿ. ಕೆನೆ ಹೆಚ್ಚಾದರೆ ವಾಸನೆ ಬರುತ್ತದೆ, ಇರುವೆಯೂ ಬರುತ್ತದೆ. ಕೆನೆ ತೆಗೆದ ಹಾಲು ವಾಸಿ. ನಮ್ಮ ಮನೆಯಲ್ಲಿ ಈ ಪ್ರಯೋಗಕ್ಕೆ ಮಂಜೂರಾತಿ ಸಿಗಲು ಎರಡು ದಿನ ಹಿಡಿಯಿತು. "ಬಂದೋರಿಗೆ ಕಾಫಿಗೆ ಹಾಲಿಲ್ಲ, ಬಳ್ಳಿಗೆ ಹಾಲಂತೆ!" ಎಂಬ ಆಕ್ಷೇಪಣೆ ದಾಖಲಾಗಿದೆ.

ಎರಡನೆಯದು ಅಡಿಗೆ ಸೋಡಾ. ಲೀಟರಿಗೆ ಒಂದು ಚಹಾ ಚಮಚ, ಎರಡು ಹನಿ ಸೋಪಿನ ನೀರು. ಮೊದಲು ಎರಡೇ ಎಲೆಗೆ ಹೊಡೆದು ಎರಡು ದಿನ ನೋಡಿ. ಅಂಚು ಸುಟ್ಟರೆ ಬಿಟ್ಟುಬಿಡಿ. ಪದೇ ಪದೇ ಹೊಡೆಯುವುದೂ ಬೇಡ. ಸೋಡಾದೊಳಗಿನ ಸೋಡಿಯಂ ಮಣ್ಣಿಗೆ ಇಳಿಯುತ್ತದೆ. ಕಾಲುವೆ ನೀರಾವರಿಯ ಎರೆಭೂಮಿಯಲ್ಲಿ ಸವುಳು ಈಗಾಗಲೇ ಸಾಕಷ್ಟಿದೆ, ನಾವೂ ಸೇರಿಸುವುದು ಬೇಡ.

ಮೂರನೆಯದು ಗಂಧಕ. ಇದು ಬೂದಿ ರೋಗದ ಅತಿ ಹಳೆಯ ಮದ್ದು. 1845ರಲ್ಲಿ ಇಂಗ್ಲೆಂಡಿನ ಮಾರ್ಗೇಟ್ ಎಂಬ ಊರಿನಲ್ಲಿ ಟಕ್ಕರ್ ಎಂಬ ತೋಟದ ಮಾಲಿ ದ್ರಾಕ್ಷಿ ಬಳ್ಳಿಯ ಮೇಲೆ ಬಿಳಿ ಬೂದಿ ಕಂಡ. ಕೆಲವೇ ವರ್ಷಗಳಲ್ಲಿ ಅದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ತಡೆದದ್ದು ಗಂಧಕ ಮತ್ತು ಸುಣ್ಣ. ಇವತ್ತು ನೀರಿನಲ್ಲಿ ಕದಡುವ ಗಂಧಕದ ಪುಡಿ ಸಿಗುತ್ತದೆ. ಲೀಟರಿಗೆ ಎರಡರಿಂದ ಮೂರು ಗ್ರಾಂ. ಆದರೆ ನಮ್ಮ ಊರಿಗೆ ಒಂದು ಷರತ್ತು: ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಗಂಧಕ ಬೇಡ, ಎಲೆ ಸುಡುತ್ತದೆ. ಸೌತೆ, ಕುಂಬಳದ ಕೆಲವು ತಳಿಗಳಿಗೆ ಗಂಧಕ ಒಗ್ಗುವುದಿಲ್ಲ, ಎರಡು ಎಲೆಗೆ ಹೊಡೆದು ನೋಡಿಯೇ ಮುಂದುವರಿಯಿರಿ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರದ ಮೇಲೆಯೇ ಗಂಧಕ.

ಇವು ಮೂರೂ ಬೂದಿಗೆ. ಬೂಜು ತುಪ್ಪಟಕ್ಕೆ ಗಂಧಕದಿಂದ ಲಾಭವಿಲ್ಲ, ಅದಕ್ಕೆ ತಾಮ್ರ. ಅದಕ್ಕೂ ಒಂದು ಕಥೆಯಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರೈತರು ರಸ್ತೆ ಪಕ್ಕದ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ಬರಲಿಲ್ಲ! ಪ್ರೊಫೆಸರ್ ಮಿಲ್ಲಾರ್ಡೆ ಅದನ್ನು ಗಮನಿಸಿ 1885ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ಬೋರ್ಡೋ ದ್ರಾವಣ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಮಲೆನಾಡಿನ ಅಡಿಕೆಯ ಕೊಳೆ ರೋಗಕ್ಕೆ ಬಳಸುವುದನ್ನು ಕಲಿಸಿದರು. ಕಳ್ಳರ ಕಾಟದಿಂದ ಹುಟ್ಟಿದ ಮದ್ದು ನಮ್ಮ ಅಡಿಕೆಯವರನ್ನು ಕಾಪಾಡಿತು. ಹಿತ್ತಲಿನವರು ಬೋರ್ಡೋ ತಯಾರಿಸುತ್ತ ಕೂಡಬೇಕಾಗಿಲ್ಲ. ತಾಮ್ರದ ಆಕ್ಸಿಕ್ಲೋರೈಡ್ ಪುಡಿ ಲೀಟರಿಗೆ ಎರಡೂವರೆಯಿಂದ ಮೂರು ಗ್ರಾಂ. ಅದೂ ಎಲೆ ಕಿತ್ತು, ಚಪ್ಪರಕ್ಕೆ ಹತ್ತಿಸಿ, ನೀರು ಬುಡಕ್ಕೆ ಬಿಟ್ಟು ನೋಡಿದ ಮೇಲೆ.

ಚೀಟಿ ಓದಿರಿ

ಇಷ್ಟೆಲ್ಲ ಹೇಳಿದ್ದು ಕೊನೆಯ ಮಾತಿಗೆ. ಔಷಧಿ ಪೊಟ್ಟಣದ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಕೆಂಪು ಎಂದರೆ ಅತಿ ಘೋರ ವಿಷ, ಹಸಿರು ಎಂದರೆ ಇದ್ದುದರಲ್ಲಿ ಸೌಮ್ಯ. ಮಕ್ಕಳು ಆಡುವ ಹಿತ್ತಲಿಗೆ ಕೆಂಪು, ಹಳದಿ ಕಾಲಿಡಬಾರದು. ಚೀಟಿಯಲ್ಲಿ ಯಾವ ಬೆಳೆಗೆ, ಯಾವ ರೋಗಕ್ಕೆ, ಎಷ್ಟು ದಿನ ಕಾಯಬೇಕು ಎಂಬ ಮೂರು ಸಂಗತಿ ಇರುತ್ತವೆ. ನಿಮ್ಮ ಬೆಳೆಯ ಹೆಸರು ಇಲ್ಲದಿದ್ದರೆ ಆ ಪೊಟ್ಟಣ ವಾಪಸ್ಸು ಕೊಡಿ. ಅಂಗಡಿಯಲ್ಲಿ ಬಿಲ್ಲು ಕೇಳಿ. ಅಕ್ಷರ ಕಾಣದಿದ್ದರೆ ಶಾಲೆಗೆ ಹೋಗುವ ಹುಡುಗರಿಂದ ಓದಿಸಿ, ಅವಮಾನವೇನಿಲ್ಲ.

"ನಮ್ಮಪ್ಪನ ಕಾಲದಿಂದ ಹೊಡೀತಿದ್ದೀವಿ, ಏನೂ ಆಗಿಲ್ಲ" ಎನ್ನುವವರಿಗೆ ಒಂದು ಉದಾಹರಣೆ. 1970, 80ರ ದಶಕದಲ್ಲಿ ಬೂದಿ ರೋಗವೆಂದರೆ ಕೆರಥೇನ್ ಎನ್ನುತ್ತಿದ್ದರು. ದ್ರಾಕ್ಷಿಗೂ ಅದೇ, ಕುಂಬಳಕ್ಕೂ ಅದೇ. ಅದರೊಳಗಿನ ಡೈನೋಕ್ಯಾಪ್ ಎಂಬ ವಿಷವನ್ನು ಕೇಂದ್ರ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಅಪ್ಪನ ಕಾಲದ ಮದ್ದು ಮಗನ ಕಾಲಕ್ಕೆ ಅಪರಾಧವಾಗಿದೆ. ಅನುಮಾನವಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ, ತೋಟಗಾರಿಕೆ ಇಲಾಖೆಗೋ ಎಲೆಯನ್ನು ಕಾಗದದಲ್ಲಿ ಚಪ್ಪಟೆಯಾಗಿ ಇಟ್ಟುಕೊಂಡು ಹೋಗಿ. ನನ್ನಂತೆ ಜೇಬಿನಲ್ಲಿ ತುರುಕಬೇಡಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಕೇಳಬಹುದು, ದುಡ್ಡು ಬೀಳುವುದಿಲ್ಲ.

ಇನ್ನೊಂದು ಮಾತು, ಯಾವ ಅಂಗಡಿಯವರೂ ಹೇಳಲಾರದ್ದು. ಮೂರು ತಿಂಗಳು ಕಾಯಿ ಕೊಟ್ಟು ಮುದಿಯಾದ ಬಳ್ಳಿಗೆ ಬೂದಿ ಬಂದರೆ ಏನೂ ಮಾಡಬೇಡಿ. ಅದು ರೋಗಕ್ಕಿಂತ ಹೆಚ್ಚಾಗಿ ವಯಸ್ಸು. ಇರುವ ಕಾಯಿ ಬಿಡಿಸಿಕೊಳ್ಳಿ, ಬಳ್ಳಿ ಕಿತ್ತು ಹೂಳಿ, ಆ ಜಾಗಕ್ಕೆ ಮೆಂತ್ಯ, ರಾಜಗಿರಿ ಸೊಪ್ಪು ಉದುರಿಸಿ. ಬೂದಿ ಹತ್ತಿದ ಬಳ್ಳಿಯ ಕಾಯಿ ತಿಂದರೆ ರೋಗ ಬರುತ್ತದೆಂಬ ಭಯವೂ ಬೇಡ. ತೊಳೆದು ಬೇಯಿಸಿದರೆ ಆಯಿತು. ಮನುಷ್ಯನಿಗೆ ಅಪಾಯ ಬೂದಿಯಿಂದ ಅಷ್ಟಿಲ್ಲ, ಬೂದಿಯ ಮೇಲಿನ ಕೋಪದಲ್ಲಿ ನಾವು ಹೊಡೆಯುವ ವಿಷದಿಂದ.

ನಮ್ಮ ಹೀರೆ ಬಳ್ಳಿಯ ವರದಿ ಕೊಟ್ಟು ಮುಗಿಸುತ್ತೇನೆ. ಆ ಪೊಟ್ಟಣದ ಔಷಧಿ ಹೊಡೆದ ಕಾಯಿಗಳನ್ನು ಚೀಟಿಯಲ್ಲಿದ್ದ ದಿನ ಮುಗಿಯುವವರೆಗೆ ಮುಟ್ಟಲಿಲ್ಲ, ಬಲಿತು ನಾರಾದವು. ಒಣಗಿಸಿ ಬೀಜ ತೆಗೆದಿಟ್ಟಿದ್ದೇನೆ, ಮೈ ಉಜ್ಜಲು ನಾಲ್ಕು ಒಳ್ಳೆಯ ನಾರು ಸಿಕ್ಕಿವೆ. ಕೆಳಗಿನ ಎಲೆ ಕಿತ್ತು, ಬೆಳಿಗ್ಗೆ ತೊಳೆದು, ನಾಲ್ಕು ವಾರ ಹಾಲು ಹೊಡೆದೆ. ಹಳೆಯ ಎಲೆ ಉಳಿಯಲಿಲ್ಲ. ಹೊಸ ಚಿಗುರು ಮಾತ್ರ ಹಸಿರಾಗಿಯೇ ಬಂತು. ಕಳೆದ ವಾರ ಐದು ಎಳೆಗಾಯಿ ಸಿಕ್ಕವು.

ಮೂರನ್ನು ಕಾಂಪೌಂಡಿನ ಮೇಲಿಂದ ಚಾಚಿದೆ. ಪಕ್ಕದ ಮನೆಯ ತಾಯಿ ತಕ್ಷಣ ಕೈ ಚಾಚಲಿಲ್ಲ. "ಏನ್ ಹೊಡದೀರಿ ಸಾರ್?" ಎಂದರು. "ಹಾಲು" ಎಂದೆ. "ಚೀಟಿ ಓದೀರೇನು?" ಎಂದರು. "ಹಾಲಿಗೆ ಚೀಟಿ ಇರಂಗಿಲ್ರಿ" ಎಂದೆ. ನಕ್ಕರು, ತೆಗೆದುಕೊಂಡರು. ಒಳಗಿನಿಂದ ಮಗಳ ದನಿ ಕೇಳಿಸಿತು: "ಅಮ್ಮಾ, ಸಿಪ್ಪಿ ಒಗೀಬ್ಯಾಡ, ಚಟ್ನಿ ಮಾಡು."